ನೀಲುನ ಹಾಲಿಗೆ ನಾ ಹಾಕಿದ ಕೊಸರು

ನನ್ನ ಮೊಮ್ಮಗಳು ಒಂದು ಲೋಟ ಹಾಲು ಕುಡದಳು. ಈ ಸುದ್ದಿ ನಾ ಹಳಿಯಾಳ ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಬಳಿ ಅಂಗಡ್ಯಾಕಿಗೆ ಹೇಳಿದೆ, ನಮ್ಮೂರು ತೇರಗಾಂವದ ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ದ ಗುರ್ತಿಲ್ಲದ ಮುದುಕಗೂ ಹೇಳಿದೆ. ಅಂವ ನನ್ನ ಮಾರಿ ನೋಡಿ, "ಅದರಾಗ ಏನೈತಿ ಯವ್ವಾ, ಎಲ್ಲಾರ ಮನಿ ಕೂಸೂ ಹಾಲು ಕುಡೀತಾವ" ಅಂದ. ಹೌದು, ಎಲ್ಲಾರ ಮನಿ ಕೂಸೂ ಕುಡೀತಾವ. ನಮ್ಮ ಮನಿ ಕೂಸು ಕುಡೀತಿರಲಿಲ್ಲ. ಐದೂವರಿ ವರ್ಷ ಅದಕ್ಕ ಹಾಲು ಅಂದ್ರ ಇಷ ಆಗಿತ್ತು. ಅದೂ ಎಮ್ಮಿ ಕಟ್ಟೂ ಮನಿಯಾಗ ಹುಟ್ಟಿದ ಕೂಸಿಗೆ.

ನಾ ಮೂರನೇತ್ತಾ ತನಕ ಸಾಲಿ ಕಲತಾಕಿ. ಬರಿಯೂದು ಅಂದ್ರ ಗ್ವಾಡಿ ಮ್ಯಾಲ ಇದ್ದಲಿಯಿಂದ ಹಾಲಿನ ಗೆರಿ ಹಾಕೂದು, ಅಷ್ಟ ಗೊತ್ತು. ಆದ್ರ ಖುಷಿ ತಡಕೊಳ್ಳಾಕ ಆಗವಲ್ದು. ನೀಲುನ ಹಳೇ ನೋಟ್‌ಬುಕ್ಕಿನ್ಯಾಗ ಹಾಳಿ ಉಳದಿದ್ವು, ಅದರಾಗ ಬರೀತೇನಿ. ಕಾಗುಣಿತ ಸೊಸಿ ತಿದ್ದತಾಳ. ಎಲ್ಲೋ ಒಂದು ಮನಿಯಾಗ ಯಾವುದೋ ಅಜ್ಜಿ ನನ್ನಂಗ ಕೈ ತೊಳಕೋತ ನಿಂತಿದ್ರ, ಅಕಿಗೆ ಇದು ಓದಿ ಹೇಳ್ರಿ.

ನನ್ನ ಹೆಸರು ಗಂಗವ್ವ. ಹಾಲಿನ ಗಂಗವ್ವ ಅಂತಾರ. ಮದುವಿ ಆಗಿ ಬಂದ ಮೊದಲನೇ ವಾರದಾಗ ನಮ್ಮತ್ತಿ ನೀಲವ್ವ ನನ್ನ ಕೈಯಾಗ ಹಾಲು ಅಳಿಯೂ ಮಾಪು ಕೊಟ್ಟು ಹೇಳಿದ್ಲು: "ಮಾಪು ತುಂಬ ಹಾಕು. ಹಾಕಿದ ಮ್ಯಾಲ ಒಂದೀಟು ಕೊಸರು ಹಾಕು. ಅಳತಿ ನಮ್ಮದು, ಕೊಸರು ದೇವರದು. ಸಾಕು ಅಂತ ತಗೊಳ್ಳಾಕಿ ಅನಬೇಕು, ಹಾಕಾಕಿ ಅನಬಾರದು." ಅವತ್ತಿನಿಂದ ನಲವತ್ತು ವರ್ಷ ಹಳಿಯಾಳದ ಮನಿ ಮನಿ ಮುಂದ ಕ್ಯಾನ್ ಇಳಿಸೀನಿ. ಮಾಪು ಬಗ್ಗಿಸಿ ಪಾತೇಲಿಗೆ ಹಾಕೂದು, ಮತ್ತ ಮಾಪಿನ ತುದಿ ಕ್ಯಾನಿನ್ಯಾಗ ಅದ್ದಿ ಒಂದೀಟು ಎತ್ತಿ ಹಾಕೂದು. ಕೊಸರು ಹಾಕದ ಹಾಲು ನಾ ಯಾರಿಗೂ ಕೊಟ್ಟಿಲ್ಲ. ಈ ಮಾತು ನೆನಪಿಟ್ಟುಕೊಳ್ರಿ. ಮುಂದ ಇದ ನನ್ನ ಕೂಸಿನ ಕುತ್ತಿಗಿಗೆ ಬಂತು.

ಮೊಮ್ಮಗಳು ಹುಟ್ಟಿದಾಗ ನಮ್ಮತ್ತಿ ಹೆಸರ ಇಟ್ವಿ. ನೀಲವ್ವ. ಬಾಯಾಗ ನೀಲು. ಆರು ತಿಂಗಳಾದ ಮ್ಯಾಲ ಒಂದು ಸೋಮವಾರ ಎಮ್ಮಿ ಹಿಂಡಿ, ಕಾಸಿ ಆರಿಸಿ, ಲಿಂಗಕ್ಕ ಮುಟ್ಟಿಸಿ, ಬೆಳ್ಳಿ ಉಂಗುರ ಅದ್ದಿ ಅದರ ತುಟಿಗೆ ಹಚ್ಚಿದೆ. ನಮ್ಮ ಮನಿಯಾಗ ಕೂಸಿಗೆ ಮೊದಲ ಹಾಲು ಹಂಗ ಕೊಡೂದು. ಕೂಸು ನಾಲಿಗಿ ಚಪ್ಪರಿಸಿ ನಕ್ಕಿತು. ನಾನೂ ನಕ್ಕೆ. ನಗೂದು ಮುಗಿಯೂದ್ರಾಗ ತುಟಿ ಕಡುಬಿನಂಗ ಉಬ್ಬಿದ್ವು. ಮೈ ತುಂಬ ಕೆಂಪನ ದದ್ದು, ಪಿತ್ತದ ಗಂಧಿ ಎದ್ದವು. ವಾಂತಿ ಮಾಡಿಕೊಂಡು ಕೂಸು ಬಿಳಚಿಕೊಂಡುಬಿಡ್ತು.

ದೃಷ್ಟಿ ಅಂದ್ವಿ. ಉಪ್ಪು ಮೆಣಸಿನಕಾಯಿ ನಿವಾಳಿಸಿದ್ವಿ. ಹದಿನೈದು ದಿನ ಬಿಟ್ಟು ಮತ್ತ ಹಚ್ಚಿದೆ. ನನ್ನ ಕೈ ಮುರೀಲಿ, ಮತ್ತ ಹಚ್ಚಿದೆ! ಆ ಸರ್ತಿ ಉಸುರು ಸಿಳ್ಳಿ ಹೊಡದಂಗ ಸಪ್ಪಳಾತು. ಹಳಿಯಾಳದ ಡಾಕ್ಟರು ಸೂಜಿ ಮಾಡಿ, "ಇದನ್ನ ಹುಬ್ಬಳ್ಳಿಗೆ ತೋರಸ್ರಿ, ತಡ ಮಾಡಬ್ಯಾಡ್ರಿ" ಅಂತ ಚೀಟಿ ಬರದು ಕೊಟ್ರು.

ಹುಬ್ಬಳ್ಳಿ ಆಸ್ಪತ್ರಿಯಾಗ ಒಬ್ಬಾಕಿ ಸಣ್ಣ ವಯಸ್ಸಿನ ಡಾಕ್ಟರು. ನಾವು ಬಾಯಾರ ಅಂತೇವಿ. ಅವರು ನೀಲುನ ಮುಂಗೈ ಮ್ಯಾಲ ಪೆನ್ನಿನಿಂದ ಸಾಲಾಗಿ ಗುರ್ತು ಹಾಕಿ, ಒಂದೊಂದರ ಹತ್ರ ಒಂದೊಂದು ಹನಿ ಇಟ್ಟು, ಸಣ್ಣಗ ಚುಚ್ಚಿದ್ರು. ಸ್ವಲ್ಪ ಹೊತ್ತಿಗೆ ಒಂದು ಹನಿ ಇದ್ದಲ್ಲಿ ಗುಳ್ಳಿ ಎದ್ದಿತು. ಅದು ಹಾಲಿಂದು.

"ಹಾಲು ಅಲರ್ಜಿ ಐತ್ರಿ ಅಮ್ಮಾ. ಆಕಳದ್ದು, ಎಮ್ಮಿದು, ಆಡಿಂದು ಯಾವುದೂ ಬ್ಯಾಡ. ಮಸರು, ಮಜ್ಜಿಗಿ, ಬೆಣ್ಣಿ, ತುಪ್ಪ, ಪೇಢೆ, ಒಂದೂ ಬ್ಯಾಡ."

ನನಗ ಸಿಟ್ಟು ಬಂತು. "ಬಾಯಾರ, ನಮ್ಮ ಹಾಲಿಗೆ ಒಂದು ಹನಿ ನೀರು ಬೆರಸಂಗಿಲ್ರಿ ನಾವು. ಬೇಕಾದ್ರ ಹಳಿಯಾಳಕ್ಕ ಬಂದು ಕೇಳ್ರಿ!"

ಸೊಸಿ ಶೈಲಾ ನನ್ನ ಸೆರಗು ಜಗ್ಗಿದಳು. ಬಾಯಾರು ನಗಲಿಲ್ಲ. "ನಿಮ್ಮ ಹಾಲಿಂದು ತಪ್ಪಿಲ್ರಿ. ಕೂಸಿಂದೂ ತಪ್ಪಿಲ್ಲ. ಕೂಸಿನ ಮೈ ಹಾಲನ್ನ ವೈರಿ ಅಂತ ತಿಳಕೊಂಡೈತಿ" ಅಂದ್ರು. ತಿರುಗಿ ಬರೂವಾಗ ಬಸ್ಸಿನ್ಯಾಗ ಇದನ್ನ ನಾ ನೂರು ಸರ್ತಿ ನೆನಸಿದೆ. ನಮ್ಮ ಮನಿ ಹಾಲು ನಮ್ಮ ಕೂಸಿಗೆ ವೈರಿ.

ಆಮ್ಯಾಲಿನ ವರ್ಷಗಳನ್ನ ನೆನಸಿದ್ರ ಕನಸಿನ್ಯಾಗ ನಡದಂಗ ಅನಸ್ತೈತಿ. ಎಲ್ಲಾ ಬೆಳ್ಳಗ, ಎಲ್ಲಾ ದೂರ. ಎಮ್ಮಿ ಹಿಂಡಾಕ ಬ್ಯಾರೆ ಸೀರಿ, ಕೂಸಿನ ಹತ್ರ ಬರಾಕ ಬ್ಯಾರೆ ಸೀರಿ. ಸಾಬಾಣ ಹಚ್ಚಿ ಹಚ್ಚಿ ಕೈ ಬಿರುಕು ಬಿಟ್ಟವು. ಕೊಟ್ಟಿಗಿ ಬಾಗಲಕ್ಕ ಶೈಲಾ ಸುಣ್ಣದಿಂದ ಒಂದು ಗೆರಿ ಹಾಕಿದ್ಲು. ಆ ಗೆರಿ ಆಚಿ ನೀಲು ಬರಂಗಿಲ್ಲ. ಅಲ್ಲೇ ಕುಂತು, "ಏ ಮಲ್ಲಿ, ಇಲ್ನೋಡ, ಹೊಸಾ ಫ್ರಾಕು" ಅಂತ ಎಮ್ಮಿಗೆ ಕೂಗಿ ತೋರಸ್ತಿತ್ತು. ಮಲ್ಲಿ ಕಿವಿ ಅಲ್ಲಾಡಿಸ್ತಿತ್ತು. ಅಷ್ಟಕ್ಕ ಕೂಸು ಕುಣೀತಿತ್ತು.

ಒಂದಿನ ಚಹಾ ಕುಡದು, ಬಾಯಿ ತೊಳೆಯೂದು ಮರತು ಅದರ ಗಲ್ಲಕ್ಕ ಮುದ್ದು ಕೊಟ್ಟೆ. ಚಹಾದಾಗ ಎಷ್ಟು ಹಾಲು ಇದ್ದೀತು? ನನ್ನ ತುಟಿ ಮೂಡಿದಷ್ಟಗಲ ಗಲ್ಲದ ಮ್ಯಾಲ ಕೆಂಪಗ ಬಾವು ಬಂತು. ಕೂಸು ಅಳಲಿಲ್ಲ. ಕನ್ನಡಿಯಾಗ ನೋಡಿಕೊಂಡು, "ಆಯಿ, ನಿನ್ನ ಮುದ್ದು ಇಲ್ಲೇ ಐತಿ ನೋಡು, ಹೋಗೇ ಇಲ್ಲ" ಅಂತು. ಅವತ್ತಿನಿಂದ ನಾ ಚಹಾ ಬಿಟ್ಟೆ, ಮುದ್ದೂ ಬಿಟ್ಟೆ.

ನೀಲುಗೆ ನಾಕು ತುಂಬಿದಾಗ ಶೈಲಾ ಮಾತು ತಗದಳು. ಅಕಿ ನಮ್ಮೂರಾಗ ಅಂಗನವಾಡಿ ಕಲಸ್ತಾಳ. ಜೋರಿಲ್ಲ, ಬುದ್ಧಿವಂತಿ. "ಅತ್ತೀ, ಸಿಟ್ಟಾಗಬ್ಯಾಡ್ರಿ. ಮುಂಡಗೋಡದಾಗ ನಮ್ಮವ್ವನ ಮನಿಯಾಗ ದನ ಇಲ್ಲ. ಬರೂ ವರ್ಷದಿಂದ ನೀಲುನ ಅಲ್ಲೇ ಇಟ್ಟು ಸಾಲಿಗೆ ಹಚ್ಚತೇನಿ."

"ತಾಯಿ ಬಿಟ್ಟು ಇರತೈತಿ ಏನ ಕೂಸು?"

"ಇಲ್ಲಿದ್ದು ಒಂದಿನ ಏನರ ಆದ್ರ?" ಅಂದು ಅತ್ತಳು. ನನ್ನ ಮಗ ಬಸು, ಹಳಿಯಾಳದಾಗ ಟಂಟಂ ಆಟೋ ಹೊಡೀತಾನ, ಬಾಗಲದಾಗ ನಿಂತು ಉಗುರು ಕಡಕೋತಿದ್ದ. ಎಮ್ಮಿ ಕೊಟ್ಟುಬಿಡೂಣು ಅಂತ ಯಾರೂ ಬಾಯಿ ಬಿಟ್ಟು ಅನಲಿಲ್ಲ. ನಾನ ಅಂದೆ. ಶೈಲಾ ತಲಿ ಅಲ್ಲಾಡಿಸಿದಳು. "ಎಮ್ಮಿ ಹೋದ್ರೂ ಊರ ತುಂಬ ಹಾಲು ಐತಿರಿ ಅತ್ತಿ. ಎಲ್ಲಾರ ಮನಿ ಎಮ್ಮಿ ಕೊಡಸ್ತೀರೇನು?"

ಆ ತಿಂಗಳ ಹುಬ್ಬಳ್ಳಿಗೆ ಹೋದಾಗ ಬಾಯಾರು ಹೊಸಾ ಉಪಚಾರದ ಮಾತು ಹೇಳಿದ್ರು. ಯಾವುದು ಆಗಂಗಿಲ್ಲೋ ಅದನ್ನ ಕೂಸಿಗೆ ಕಂಡೂ ಕಾಣದಷ್ಟು ಕೊಡೂದು. ದಿನಾ ಕೊಡೂದು. ಎರಡು ವಾರಕ್ಕೊಮ್ಮೆ ಆಸ್ಪತ್ರಿಗೆ ಬಂದು ಒಂದೀಟು ಹೆಚ್ಚಿಸೂದು. ಮೈ ನಿಧಾನಕ ಗುರ್ತು ಹಿಡೀತೈತಿ. "ಎಲ್ಲಾ ಕೂಸಿಗೂ ಆಗಂಗಿಲ್ಲ. ಕೆಲವಕ್ಕ ನಡುವ ಬಿಡಬೇಕಾಕ್ಕೈತಿ. ಇದು ಅಲರ್ಜಿ ಕಿತ್ತು ಒಗಿಯೂ ಔಷಧ ಅಲ್ಲ. ಆದ್ರ ಆತು ಅಂದ್ರ, ಹಾಲು ಇರೂ ಮನಿಯಾಗ ಕೂಸು ಹೆದರದ ಇರಬಹುದು."

ಕಡೀ ಮಾತಷ್ಟ ನನ್ನ ಕಿವಿಗೆ ಬಿತ್ತು. ಬಸು ಕೇಳಿದ, "ಅಪಾಯ ಐತೇನ್ರಿ?" "ಐತಿ. ಅದಕ್ಕ ಮೊದಲನೇದು ಇಲ್ಲೇ, ನಮ್ಮ ಕಣ್ಣ ಮುಂದ" ಅಂದ್ರು. ಶೈಲಾ ನೀಲುನ ತೊಡಿ ಮ್ಯಾಲ ಎಳಕೊಂಡು, "ಒಂದು ವರ್ಷ ನೋಡೂಣು. ಆಗಲಿಲ್ಲಂದ್ರ ಮುಂಡಗೋಡ" ಅಂದಳು. ಆ ಒಂದು ವರ್ಷ ನನಗ ಕೊಟ್ಟ ಗಡುವು ಅಂತ ನಾ ತಿಳಕೊಂಡೆ.

ಮೊದಲನೇ ದಿನ ಒಂದು ಗ್ಲಾಸು ನೀರಾಗ ಒಂದು ಹನಿ ಹಾಲು, ಆ ನೀರಾಗಿಂದ ಒಂದು ಹನಿ. ಅದನ್ನ ಸೂಜಿ ಇಲ್ಲದ ಸಿರಿಂಜಿನ್ಯಾಗ ಎಳದು ನೀಲುನ ನಾಲಿಗಿ ಮ್ಯಾಲ ಬಿಟ್ರು. ಕಾಯ್ರಿ ಅಂದ್ರು. ಮತ್ತೊಂದೀಟು. ಕಾಯ್ರಿ. ಮುಂಜಾನಿ ಒಂಬತ್ತಕ್ಕ ಕುಂತಾಕಿ ಸಂಜಿ ತನಕ ಕುಂತೆ. ಆ ಕೋಣಿಯಾಗ ಫ್ಯಾನು ತಿರುಗಿ ತಿರುಗಿ ಹವಾ ಹಾಲಿನ ಕೆನಿಯಂಗ ದಪ್ಪ ಆಗಿತ್ತು. ಬಾಜೂಕ ದಾಂಡೇಲಿಯಿಂದ ಬಂದ ಶಮೀಮಬಿ ಅಂತ ಒಬ್ಬಾಕಿ. ಮಗ ಮಿಲ್ಲಿನ್ಯಾಗ ಕೆಲಸ, ಮೊಮ್ಮಗಳಿಗೆ ಶೇಂಗಾ ಆಗಂಗಿಲ್ಲ.

"ನಮ್ದೂಕಿ ಶೇಂಗಾ, ನಿಮ್ದೂಕಿ?" ಅಂದಳು.

"ಹಾಲು."

"ಯಾ ಅಲ್ಲಾ! ಹಾಲು?" ಎದಿ ಮ್ಯಾಲ ಕೈ ಇಟ್ಟುಕೊಂಡಳು. "ನಿಮ್ಮ ಮನ್ಯಾಗ ಏನ ಉದ್ಯೋಗ ಬೆಹನ್?"

"ಹಾಲು ಮಾರೂದು."

ಅಕಿ ನನ್ನ ನೋಡಿದಳು, ನಾ ಅಕಿನ್ನ ನೋಡಿದೆ. ಯಾಕೋ ಇಬ್ಬರಿಗೂ ನಗಿ ಬಂತು. ಎಷ್ಟು ನಕ್ವಿ ಅಂದ್ರ ನರ್ಸು ಬಂದು ಬಾಯಿ ಮ್ಯಾಲ ಬೆರಳಿಟ್ಟು ಹೋದಳು. ಅಷ್ಟು ವರ್ಷದಾಗ ಅದರ ಮ್ಯಾಲ ನಾ ನಕ್ಕಿದ್ದು ಅದ ಮೊದಲು. ಅಕಿ ಪಿಶವಿಯಾಗಿಂದ ಎರಡು ಖರ್ಜೂರ ತಗದು ಕೊಟ್ಟಳು. "ಇದರಾಗ ಹಾಲೂ ಇಲ್ಲ, ಶೇಂಗಾನೂ ಇಲ್ಲ. ತಿನ್ನು."

ಖರ್ಜೂರ ಚೀಪತಾ ಗ್ವಾಡಿಗೆ ಒರಗಿ ಕಣ್ಣು ಮುಚ್ಚಿದೆ. ಕನಸಿನ್ಯಾಗ ಆಸ್ಪತ್ರಿ ತುಂಬ ನಾ ಕ್ಯಾನ್ ಹೊತ್ತು ತಿರಗಾಡಾಕತ್ತಿದ್ದೆ. ಎಲ್ಲಾ ಕೋಣಿ ಬಾಗಲದಾಗೂ ಒಂದೊಂದು ಕೂಸು ಪಾತೇಲಿ ಹಿಡಕೊಂಡು ನಿಂತಿತ್ತು. ಕ್ಯಾನು ಮಾತ್ರ ಖಾಲಿನ ಆಗವಲ್ದು. ನೀಲುನ ಪಾತೇಲಿ ಮುಂದ ಬಂದು ಮಾಪು ಬಗ್ಗಿಸಿದ್ರ ಹಾಲು ಬೀಳಲಿಲ್ಲ, ಬೆಳ್ಳನ ಹಕ್ಕಿ ಹಾರಿ ಹ್ವಾದವು. ಎಚ್ಚರಾದಾಗ ನೀಲು ನನ್ನ ತೊಡಿ ಮ್ಯಾಲ ಕುಂತಿತ್ತು. ಅದರ ಮೈ ಮ್ಯಾಲ ಒಂದು ಗಂಧಿ ಇರಲಿಲ್ಲ.

ಮನಿಯಾಗ ದಿನಾ ಹಾಲು ಕೊಡೂ ಕೆಲಸ ನನಗ ಬಂತು. ಶೈಲಾ ಅಂಗನವಾಡಿಗೆ ಹೋಗಬೇಕು, ಬಸು ಟಂಟಂಗೆ. ಬಾಯಾರು ಹೇಳಿದ ನಿಯಮ ಶೈಲಾ ದೊಡ್ಡ ಅಕ್ಷರದಾಗ ಬರದು ಅಡಗಿ ಮನಿಯಾಗ ಹಚ್ಚಿದ್ಲು. ನಮ್ಮ ಎಮ್ಮಿದಲ್ಲ, ಪಾಕೀಟ ಹಾಲು. ಹೊಟ್ಟಿ ತುಂಬ ರೊಟ್ಟಿ ತಿಂದ ಮ್ಯಾಲ. ಸಿರಿಂಜಿನ ಗೆರಿ ತನಕ ಅಷ್ಟ. ಜ್ವರ ನೆಗಡಿ ಇದ್ರ ಕೇಳಿ ಕೊಡೂದು. ಕೊಟ್ಟ ಮ್ಯಾಲ ಎರಡು ತಾಸು ಓಡಂಗಿಲ್ಲ, ಕುಣಿಯಂಗಿಲ್ಲ. ಪೆಟಗಿಯಾಗ ತೊಡಿಗೆ ಚುಚ್ಚೂ ಸೂಜಿ ತಯಾರ ಇರಬೇಕು. ಅದನ್ನ ಹಾಕೂದು ಬಾಯಾರು ಶೈಲಾಗೂ ನನಗೂ ಕಲಿಸಿದ್ರು. ನಾ ಮೂಸಂಬಿ ಹಣ್ಣಿಗೆ ಚುಚ್ಚಿ ಕಲತೆ.

ಆ ಎರಡು ತಾಸು! ನನ್ನ ಜಲ್ಮದಾಗ ಅಂಥಾ ಹೊತ್ತು ಬಂದಿರಲಿಲ್ಲ. ಹಾಲಿನ ಉದ್ಯೋಗದಾಗ ಕುಂಡ್ರೂದು ಅಂದ್ರ ಏನು ಅಂತ ಗೊತ್ತಿರಲಿಲ್ಲ ನನಗ. ಈಗ ದಿನಾ ಮುಂಜಾನಿ ಬೇವಿನ ಕಟ್ಟಿ ಮ್ಯಾಲ ನಾನೂ ನೀಲೂ. ಮಂಜು ಗದ್ದಿ ಮ್ಯಾಲಿಂದ ಏಳಬೇಕೋ ಬ್ಯಾಡೋ ಅಂತ ವಿಚಾರ ಮಾಡತಿತ್ತು. ಆಚಿ ಕಡೆ ಸಾಗವಾನಿ ಮರ ಅರ್ಧ ಕಾಣತಿದ್ವು, ಅರ್ಧ ಇಲ್ಲ. ನೀಲು ಅದಕ್ಕ "ಹಾಲಿನ ಹೊತ್ತು" ಅಂತ ಹೆಸರಿಟ್ಟಿತು.

"ಆಯಿ, ನನ್ನ ಹಾಲು ಈಗ ಎಲ್ಲಿಗೆ ಬಂತು?"

"ಗಂಟಲದಾಗ ಇಳದೈತಿ."

"ಈಗ?"

"ಈಗ ಹೊಟ್ಟಿ ಬಾಗಲಾ ಬಡದೈತಿ. ಯಾರವಾ ನೀ ಅಂತ ಕೇಳಾಕತ್ತಾರ ಒಳಗಿನವ್ರು."

"ಏನಂತು ಹಾಲು?"

"ನಾ ಮಲ್ಲಿ ಕಡಿಯಾಕಿ, ನೀಲು ಗೆಳತಿ, ಬಾಗಲಾ ತಗೀರಿ ಅಂತು."

"ತಗದ್ರೇನು?"

ನಾ ಅದರ ಅಂಗಿ ಎತ್ತಿ ಹೊಟ್ಟಿ ಬೆನ್ನು ನೋಡತಿದ್ದೆ. ಕಲಿ ಇಲ್ಲ, ಕೆಂಪಿಲ್ಲ. "ಒಂದು ಕದಾ ತಗದಾರ ನೋಡು, ಇನ್ನೊಂದು ನಾಳೆ" ಅಂತಿದ್ದೆ. ಹನಿ ಹೋಗಿ ಅರ್ಧ ಚಮಚ ಆತು, ಅರ್ಧ ಹೋಗಿ ಒಂದಾತು. ಮಳಿಗಾಲ ಹೋತು, ಮೆಕ್ಕಿಜೋಳ ತೆನಿ ಮುರದ್ರು, ಚಳಿ ಬಂತು. ಮುಂಡಗೋಡದ ಮಾತು ಯಾರೂ ಎತ್ತಲಿಲ್ಲ. ನಾ ಒಳಗೊಳಗ ಗೆದ್ದೇನಿ ಅಂತ ತಿಳಕೊಂಡೆ.

ಸಂಕ್ರಾಂತಿ ಮುಂದ ಒಂದು ಮುಂಜಾನಿ. ಎರಡು ದಿನದ ಹಿಂದ ಹುಬ್ಬಳ್ಳಿಯಾಗ ಅಳತಿ ಹೆಚ್ಚಿಸಿ ಬಂದಿದ್ವಿ. ನೀಲು ರೊಟ್ಟಿ ಅರ್ಧಕ್ಕ ಬಿಟ್ಟಿತು, ಕಣ್ಣು ಒಂದೀಟು ಸಪ್ಪಗಿದ್ವು. ಚಳಿಗೆ ಇರಬೇಕು ಅಂದುಕೊಂಡೆ. ಹಾಲು ಕೊಟ್ಟು ಕಟ್ಟಿಗೆ ಕರಕೊಂಡು ಬಂದೆ. ಹಾಲು ಇನ್ನೂ ಹೊಟ್ಟಿ ಬಾಗಲಕ್ಕ ಬಂದಿರಲಿಲ್ಲ, "ಆಯಿ, ಗಂಟಲದಾಗ ಏನೋ ಹರದಾಡತೈತಿ" ಅಂತು. ಕೆಮ್ಮಿತು. ಮತ್ತ ಕೆಮ್ಮಿತು. ದನಿ ಒಡದ ಕೊಳಲಿನಂಗಾತು. ಕುತ್ತಿಗಿ ಸುತ್ತ ಗಂಧಿ ನನ್ನ ಕಣ್ಣ ಮುಂದ ಒಂದೊಂದ ಹೂ ಅರಳಿದಂಗ ಅರಳಿದವು.

ಪೆಟಗಿ ತಂದೆ. ಸೂಜಿ ಕೈಯಾಗ ಹಿಡದೆ. ಎಷ್ಟು ಜಗ್ಗಿದ್ರೂ ಅದರ ಟೋಪಿ ತಗಿಯಾಕ ಬರಲಿಲ್ಲ. "ಶೈಲಾ!" ಅಂತ ಒದರಿದೆ. ಅಂಗನವಾಡಿ ನಾಕು ಮನಿ ಆಚಿ. ಅಕಿ ಹೆಂಗ ಓಡಿ ಬಂದಳೋ, ಸೂಜಿ ಕಸಗೊಂಡು ಲಂಗದ ಮ್ಯಾಲಿಂದನ ತೊಡಿಗೆ ಚುಚ್ಚಿ ಒತ್ತಿ ಹಿಡದಳು. ಬಸು ಇನ್ನೂ ಹಳಿಯಾಳಕ್ಕ ಹೊಂಟಿರಲಿಲ್ಲ, ಟಂಟಂ ಹಚ್ಚಿದ. ಹಳಿಯಾಳ ಆಸ್ಪತ್ರಿ ಮುಟ್ಟೂದ್ರಾಗ ಕೂಸಿನ ಉಸುರು ಸುದ್ದ ಆಗಿತ್ತು. ಆದ್ರೂ ಅವರು ಹೊತ್ತು ಮುಳುಗೂ ತನಕ ಬಿಡಲಿಲ್ಲ. ಮೈ ಮುಟ್ಟಿ ನೋಡಿದ್ರ ಜ್ವರ ಇತ್ತು. ನಾ ಮುಟ್ಟಿ ನೋಡಿರಲಿಲ್ಲ.

ಮರುದಿನ ಹುಬ್ಬಳ್ಳಿಯಾಗ ಬಾಯಾರು ಎಲ್ಲಾ ಕೇಳಿದ್ರು. ಜ್ವರ ಇದ್ದದ್ದು, ಹೊಟ್ಟಿ ತುಂಬದ ಇದ್ದದ್ದು ಬರಕೊಂಡ್ರು. ಆಮ್ಯಾಲ ಒಂದು ಬಟ್ಟಲ ನೀರು, ಒಂದು ಸಿರಿಂಜು ನನ್ನ ಮುಂದ ಇಟ್ಟು, "ಅಮ್ಮಾ, ಮನಿಯಾಗ ಹೆಂಗ ಕೊಡತೀರಿ, ಒಮ್ಮೆ ಮಾಡಿ ತೋರಸ್ರಿ" ಅಂದ್ರು.

ತೋರಿಸಿದೆ. ಗೆರಿ ತನಕ ಎಳದೆ, ಕಣ್ಣಿನ ಮಟ್ಟಕ್ಕ ಹಿಡದು ನೋಡಿದೆ, ಖಾಲಿ ಲೋಟಕ್ಕ ಒತ್ತಿದೆ. ಸಿರಿಂಜು ಕೆಳಗ ಇಟ್ಟೆ.

ಶೈಲಾ ನನ್ನ ಕೈಯನ್ನ ನೋಡಾಕತ್ತಿದ್ಲು.

"ಅತ್ತೀ, ಕಡೀಕ ಏನ ಹಾಕಿದ್ರಿ ಅದು?"

"ಏನ ಹಾಕಿದೆ? ಗೆರಿ ತನಕ ಹಾಕಿದೆ."

"ಅದಲ್ರಿ. ಒತ್ತಿದ ಮ್ಯಾಲ ತುದಿ ಮತ್ತ ಬಟ್ಟಲದಾಗ ಅದ್ದಿ ಒಂದೀಟು ಎತ್ತಿ ಹಾಕಿದ್ರಿ."

"ಇಲ್ಲ."

"ಹಾಕಿದಿ ಆಯಿ," ನೀಲು ತಾಯಿ ತೊಡಿ ಮ್ಯಾಲಿಂದ ಅಂತು. "ದಿನಾ ಹಾಕ್ತಿಯಲ್ಲ. ಕೊಸರು."

ನಾ ನನ್ನ ಕೈ ನೋಡಿಕೊಂಡೆ. ಆಣಿ ಮಾಡಿ ಹೇಳತೇನಿ, ನನಗ ಗೊತ್ತಿರಲಿಲ್ಲ. ಉಸುರಾಡೂದು ಯಾರಿಗರ ಗೊತ್ತಿರತೈತೇನು? "ಬಾಯಾರ, ನಲವತ್ತು ವರ್ಷ ಹಾಕೀನ್ರಿ" ಅಂದೆ. ಕೊಸರು ಅಂದ್ರ ಏನು ಅಂತ ಬಾಯಾರಿಗೆ ಬಸುನ ತಿಳಿಸಿ ಹೇಳಿದ.

ಬಾಯಾರು ಬಯ್ಯಲಿಲ್ಲ. ಬಯ್ದಿದ್ರ ಚೊಲೋ ಇತ್ತು. "ಜ್ವರ ಇದ್ದಾಗ ಸರಿ ಅಳತಿನೂ ಹೆಚ್ಚಾಕ್ಕೈತ್ರಿ. ಕೊಸರು ಅದರ ಮ್ಯಾಲ ಬಿತ್ತು. ಉಪಚಾರ ಬಿಡೂದು ಬ್ಯಾಡ. ಮೂರು ಮೆಟ್ಟಲ ಕೆಳಗ ಇಳದು ಮತ್ತ ಹತ್ತೂಣು" ಅಂದ್ರು. ಶೈಲಾ ಹೂಂ ಅಂದಳು. ತಿರುಗಿ ಬರೂವಾಗ ಧಾರವಾಡದಿಂದ ಹಳಿಯಾಳದ ತನಕ ಅಕಿ ನೀಲುನ ಹಣಿ ಮುಟ್ಟಿ ಮುಟ್ಟಿ ನೋಡಿದಳು. ಮನಿ ಮೆಟ್ಟಲ ಹತ್ತೂವಾಗ ಅಂದಳು, "ನಾಳಿಂದ ಹಾಲು ನಾ ಕೊಡತೇನ್ರಿ."

ಅಷ್ಟ ಅಂದಳು. ಮುಂಡಗೋಡ ಅಂತ ಅನಲಿಲ್ಲ. ಆದ್ರ ಅಕಿ ತವರಿಗೆ ಫೋನ್ ಹಚ್ಚಿ, "ಅವ್ವಾ, ಅಲ್ಲಿ ಸಾಲಿ ಹೆಸರು ಹಚ್ಚೂದು ಯಾವಾಗ ಶುರು?" ಅಂತ ಕೇಳೂದು ನನಗ ಕೇಳಿಸ್ತು.

ನಾ ಮುಂಜಾನಿ ಮಲ್ಲಿ ಹತ್ರ ಕುಂಡ್ರತಿದ್ದೆ. ಅತ್ತಾಗ ಶೈಲಾ ಸಿರಿಂಜು ಎತ್ತತಿದ್ಲು. ಅಂಗನವಾಡಿಗೆ ಒಂದೀಟು ತಡಾ ಮಾಡಿ ಹೋಗಾಕ ಮ್ಯಾಲಿನವರನ್ನ ಕೇಳಿಕೊಂಡಿದ್ಲು. ಆ ದಿನದಾಗ ನಾ ಹಳಿಯಾಳದಾಗ ಹಾಲು ಹಾಕೂವಾಗ ನನ್ನ ಕೈಯನ್ನ ಕಳ್ಳನ್ನ ಕಾದಂಗ ಕಾದೆ. ಒಂದು ಮನಿಯಾಗ ಕೊಸರು ಹಾಕಲಿಲ್ಲ. ಆ ಮನಿಯಾಕಿ ಪಾತೇಲಿ ಹಿಡಕೊಂಡ ನಿಂತಳು. "ಯಾಕ ಗಂಗವ್ವ, ಸಿಟ್ಟಾಗೀಯೇನ ನನ್ನ ಮ್ಯಾಲ?" ನಾ ಬಾಗಲದಾಗ ಕುಂತು ಅತ್ತೆ. ಅಕಿ ಗಾಬರಿಯಾಗಿ ನೀರು ತಂದಳು.

ಮೂರನೇ ವಾರದಾಗ ಒಂದು ಮುಂಜಾನಿ ಶೈಲಾ ಕೊಟ್ಟಿಗಿ ಬಾಗಲಕ್ಕ ಬಂದು ನಿಂತಳು. ಸುಣ್ಣದ ಗೆರಿ ಆಚಿನ ನಿಂತು, "ಅತ್ತೀ, ಕೈ ತೊಳಕೊಂಡು ಒಳಗ ಬರ್ರಿ" ಅಂದಳು.

"ಯಾಕವಾ?"

"ನಿಮ್ಮ ಮೊಮ್ಮಗಳು ಬಾಯಿ ತಗೀವಲ್ಲಳು. ಹಾಲು ಹೊಟ್ಟಿಯಾಗ ಎಲ್ಲಿಗೆ ಬಂತು ಅಂತ ನನಗ ಹೇಳಾಕ ಬರಂಗಿಲ್ಲಂತ. ಅವ್ವಾ ನಿನಗ ದಾರಿ ಗೊತ್ತಿಲ್ಲ ಅಂತಾಳ!"

ಒಳಗ ನೀಲು ಮಣಿ ಮ್ಯಾಲ ಕುಂತಿತ್ತು, ಬಾಯಿ ಮುಚ್ಚಿ, ಗಲ್ಲ ಉಬ್ಬಿಸಿ. ಶೈಲಾ ಮೊದಲು ಅದರ ಹಣಿ ಮುಟ್ಟಿ ನೋಡಿದಳು, ನನ್ನ ಕೈಲೂ ಮುಟ್ಟಿಸಿದಳು. ತಣ್ಣಗಿತ್ತು. ಆಮ್ಯಾಲ ಸಿರಿಂಜು ನನ್ನ ಕೈಯಾಗ ಕೊಟ್ಟಳು. ನಾ ಒಲ್ಲೆ ಅಂದೆ. ಅಕಿ ನನ್ನ ಬಾಜೂಕ ಕುಂತು ತನ್ನ ಬಲಗೈ ಬೊಗಸಿ ಮಾಡಿ ನನ್ನ ಮುಂದ ಚಾಚಿದಳು.

"ನಿಮ್ಮ ಕೈಗೆ ಕೊಸರು ಬಿಡಾಕ ಆಗಂಗಿಲ್ರಿ, ನನಗ ಗೊತ್ತೈತಿ. ಅಳತಿ ಅಕಿಗೆ ಹಾಕ್ರಿ. ಕೊಸರು ನನ್ನ ಕೈಯಾಗ ಹಾಕ್ರಿ."

ಗೆರಿ ತನಕ ಎಳದು ನೀಲುನ ಬಾಯಾಗ ಒತ್ತಿದೆ. ಕೈ ತಾನಾಗಿ ಬಟ್ಟಲಕ್ಕ ಹೋತು, ಅದ್ದಿತು, ಎತ್ತಿತು. ಶೈಲಾನ ಅಂಗೈಯಾಗ ನಾಕು ಹನಿ ಬಿದ್ದವು. ಅಕಿ ಅದನ್ನ ನೆಕ್ಕಿ, ಎದ್ದು ಹೋಗಿ, ಬಾಯಿ ಮುಕ್ಕಳಿಸಿ, ಸಾಬಾಣ ಹಚ್ಚಿ ಕೈ ತೊಳಕೊಂಡು ಬಂದಳು. "ಪಾಕೀಟ ಹಾಲು ಬರೇ ನೀರು ನೋಡ್ರಿ" ಅಂದಳು. ಹಾಲಿನ ಗಂಗವ್ವನ ಸೊಸಿ! ನಾ ಅಳೂದೋ ನಗೂದೋ ತಿಳೀಲಿಲ್ಲ.

ಅವತ್ತಿನಿಂದ ದಿನಾ ಹಂಗ. ಅಕಿ ಹಣಿ ಮುಟ್ಟೂದು, ನಾ ಹಾಕೂದು, ಅಕಿ ಅಂಗೈ ಚಾಚೂದು. ಜೂನ್ ಬಂದಾಗ ಮುಂಡಗೋಡದ ಸಾಲಿಗೆ ಹೆಸರು ಹಚ್ಚಲಿಲ್ಲ. "ನೋಡೂಣು" ಅಂದಳು ಶೈಲಾ. ಒಂದು ವರ್ಷದ ಗಡುವು ಒಂದೂವರಿ ವರ್ಷ ಆತು. ಸಿರಿಂಜು ಹೋಗಿ ಚಮಚ ಬಂತು, ಚಮಚ ಹೋಗಿ ಸಣ್ಣ ಬಟ್ಟಲಾ ಬಂತು. ನಡುವ ಎರಡು ಸರ್ತಿ ಗಂಧಿ ಎದ್ದವು, ಒಮ್ಮೆ ಹೊಟ್ಟಿ ನೋವು. ಬಾಯಾರಿಗೆ ಫೋನ್ ಹಚ್ಚಿದ್ವಿ, ಇಳಿಸಿದ್ವಿ, ಮತ್ತ ಹತ್ತಿದ್ವಿ. ಶಮೀಮಬಿ ಮೊಮ್ಮಗಳಿಗೆ ಮಾತ್ರ ಈ ಉಪಚಾರ ಒಗ್ಗಲಿಲ್ಲ, ನಡುವ ಬಿಟ್ರು. ಅದನ್ನೂ ಬರಿಯಬೇಕು, ಇಲ್ಲಂದ್ರ ಸುಳ್ಳಾಕ್ಕೈತಿ. "ನಮ್ದೂಕಿ ಶೇಂಗಾ ಹೊರಗ ಇಟ್ಟೇ ಬೆಳಸ್ತೀನಿ, ನಿಮ್ದೂಕಿ ಕುಡೀಲಿ" ಅಂತ ಅಕಿ ಫೋನಿನ್ಯಾಗ ಅಂದಾಗ ನನ್ನ ಖುಷಿಗೆ ಒಂದು ಮುಳ್ಳು ಹತ್ತಿತು. ಅದು ಇನ್ನೂ ಐತಿ.

ಹ್ವಾದ ವಾರ ಕಡೀ ಪರೀಕ್ಷೆ. ಬಾಯಾರು ಮೊದಲ ಹೇಳಿದ್ರು: "ಈ ಸರ್ತಿ ನಿಮ್ಮ ಮನಿ ಹಾಲು ತರ್ರಿ. ಕೂಸು ಬೆಳಿಯೂದು ಆ ಹಾಲಿನ ನಡುವ ಅಲ್ಲೇನು?" ನಾ ನಸುಕಿನ್ಯಾಗ ಮಲ್ಲಿನ್ನ ಹಿಂಡಿದೆ. ಕಾಸಿದೆ, ಆರಿಸಿದೆ, ಹೊಸಾ ಸಣ್ಣ ಕ್ಯಾನಿನ್ಯಾಗ ಹಾಕಿ ಮಡಿಲಾಗ ಇಟ್ಟುಕೊಂಡು ಹ್ವಾದೆ. ಬಸ್ಸಿನ್ಯಾಗ ಕ್ಯಾನು ಬೆಚ್ಚಗ ಕೂಸಿನಂಗ ಮಲಗಿತ್ತು, ಕೂಸು ಅದಕ್ಕ ತಲಿ ಕೊಟ್ಟು ಮಲಗಿತ್ತು.

ಬಾಯಾರ ಅಳದು ಅಳದು ಹಾಕಿದ್ರು. ಒಂದು ಗುಟುಕು. ಕಾಯ್ರಿ. ಎರಡು ಗುಟುಕು. ಕಾಯ್ರಿ. ಅದ ಫ್ಯಾನು, ಅದ ಕುರ್ಚಿ. ಮಧ್ಯಾಹ್ನದ ಹೊತ್ತಿಗೆ ಲೋಟ ಖಾಲಿ ಆತು. ಆಮ್ಯಾಲ ಎರಡು ತಾಸು. "ಆಯಿ, ಎಲ್ಲಿಗೆ ಬಂತು?" ನೀಲು ಕೇಳಿತು. "ಎರಡೂ ಕದಾ ತಗದು ಒಳಗ ಕರಕೊಂಡಾರ. ಮಣಿ ಹಾಕ್ಯಾರ, ಕುಂಡರಿಸ್ಯಾರ" ಅಂದೆ. ನರ್ಸು ಅಂಗಿ ಎತ್ತಿ ಹೊಟ್ಟಿ ನೋಡಿದಳು, ಬೆನ್ನು ನೋಡಿದಳು, ಎದಿಗೆ ನಳಿಗಿ ಇಟ್ಟು ಕೇಳಿದಳು. ಬಾಯಾರು ಬಂದು ತಾವೂ ನೋಡಿದ್ರು.

"ಆತ್ರಿ" ಅಂದ್ರು. "ದಿನಾ ಕುಡಿಯೂದು ಬಿಡಬಾರದು. ಜ್ವರ ಇದ್ರ ಕೇಳಬೇಕು. ಪೆಟಗಿ, ಸೂಜಿ ಜೋಡೀನ ಇರಬೇಕು. ಆದ್ರ ಆತು. ನಿಮ್ಮ ತೇರಗಾಂವದಾಗ ಇರಲಿ, ಅಲ್ಲೇ ಸಾಲಿ ಕಲೀಲಿ."

ಶೈಲಾ ಬಾಗಲದ ಕಡೆ ಮಾರಿ ತಿರುವಿಕೊಂಡಳು. ಬಸು ಉಗುರು ಕಡಿಯೂದು ಬಿಟ್ಟ. ನೀಲು ಖಾಲಿ ಲೋಟ ಎತ್ತಿ ನನ್ನ ಮಾರಿ ಮುಂದ ಹಿಡೀತು.

"ಆಯಿ, ಕೊಸರು?"

ನಾ ಬಾಯಾರನ್ನ ನೋಡಿದೆ. ಅವರು ಲೋಟ ನೋಡಿದ್ರು, ಗಡಿಯಾರ ನೋಡಿದ್ರು, ನನ್ನ ನೋಡಿದ್ರು. "ಹಾಕ್ರಿ ಅಮ್ಮಾ. ಒಂದೀಟು. ಕೊಸರು ಎಷ್ಟು ಅಂತ ನಿಮಗ ಗೊತ್ತಲ್ಲ."

ಕ್ಯಾನು ಎತ್ತಿದೆ. ಲೋಟದ ಮ್ಯಾಲ ಹಿಡದೆ. ನಲವತ್ತು ವರ್ಷ ನನ್ನ ಕೇಳದ ಕೊಸರು ಹಾಕಿದ ಕೈ ಅವತ್ತು ಅಲ್ಲೇ ನಿಂತುಬಿಡ್ತು. ಬಗ್ಗಿಸು ಅಂತ ನಾನ ಹೇಳಿದೆ. ಬಗ್ಗಲಿಲ್ಲ. ಕ್ಯಾನಿನ ಬಾಯಿಗೆ ಹಾಲು ಬಂದು ನಡಗತಿತ್ತು, ಬೀಳವಲ್ದು. ಹಿಂದಿನಿಂದ ಶೈಲಾ ಬಂದು ನನ್ನ ಮಣಿಕಟ್ಟು ಹಿಡದಳು. ಮೆಲ್ಲಗ ಬಗ್ಗಿಸಿದಳು.

ಒಂದೀಟು ಬಿತ್ತು. ನೀಲು ಅದನ್ನ ತಲಿ ಹಿಂದ ಮಾಡಿ ಕುಡದು, ಲೋಟದ ತಳಾ ನೆಕ್ಕಿ, "ಸಾಕು" ಅಂತು. ದೊಡ್ಡಾಕಿಯಂಗ, ಹಳಿಯಾಳದ ಬಾಗಲದಾಗ ನಿಂತ ಹೆಂಗಸರಂಗ. ಆಮ್ಯಾಲ ಕುರ್ಚಿ ಮ್ಯಾಲ ಹತ್ತಿ ನಿಂತು, ತುಟಿ ಮ್ಯಾಲ ಬೆಳ್ಳನ ಮೀಸಿ ಇದ್ದಂಗನ, ನನ್ನ ಗಲ್ಲಕ್ಕ ಒತ್ತಿ ಮುದ್ದು ಕೊಟ್ಟಿತು.

ನಾ ಒರಸಿಕೊಳ್ಳಲಿಲ್ಲ. ಧಾರವಾಡ ದಾಟೂ ಹೊತ್ತಿಗೆ ಆ ಹಾಲು ಗಲ್ಲದ ಮ್ಯಾಲ ಒಣಗಿ ಬಿಗೀತಿತ್ತು. ಹಳಿಯಾಳ ಬರೂ ತನಕ ಕಿಟಕಿ ಗಾಳಿಗೆ ಆ ಗಲ್ಲ ಕೊಡದ, ಇನ್ನೊಂದು ಕಡೆ ಮಾರಿ ತಿರುವಿಕೊಂಡು ಕುಂತು ಬಂದೆ.